ಖಾಲಿ ಬಿಟ್ಟ ಕಾಲಂ

2020ರ ಜೂನ್ ಕೊನೆಯ ವಾರದ ಒಂದು ರಾತ್ರಿ. ಮುಂಬಯಿಯ ಖಾಸಗಿ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ. ಪಿಪಿಇ ಕಿಟ್ಟಿನೊಳಗೆ ಬೆವರು ಮೊಣಕೈಯಿಂದ ಇಳಿದು ಗ್ಲೌಸಿನ ಬೆರಳುಗಳಲ್ಲಿ ನಿಂತುಬಿಡುತ್ತಿತ್ತು. ಹನ್ನೊಂದನೆಯ ಬೆಡ್ಡಿನಲ್ಲಿ ಐವತ್ತರ ಆಸುಪಾಸಿನ ಒಬ್ಬರಿದ್ದರು. ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೂ ರಕ್ತದ ಆಮ್ಲಜನಕ ತೋರಿಸುವ ಮಾನಿಟರಿನ ಅಂಕಿ 86 ದಾಟುತ್ತಿರಲಿಲ್ಲ. ಅವರನ್ನು ಬೋರಲು ಮಲಗಿಸಿದೆವು. ಎದೆಯ ಕೆಳಗೊಂದು ದಿಂಬು, ಸೊಂಟದ ಕೆಳಗೊಂದು, ಮುಂಗಾಲಿನ ಕೆಳಗೊಂದು. ಅರ್ಧ ಗಂಟೆಯೊಳಗೆ ಅಂಕಿ 93ಕ್ಕೆ ಬಂತು. ಅದೇ ಹೊತ್ತಿಗೆ ವಾರ್ಡಿನ ಮೊಬೈಲಿನಲ್ಲಿ ಅವರ ಮಗಳ ವಿಡಿಯೊ ಕರೆ. ತಂದೆ ಬೋರಲು ಮಲಗಿದ್ದನ್ನು ನೋಡಿ ಆ ಹುಡುಗಿ ಗಾಬರಿಯಾದಳು.

"ಸಿಸ್ಟರ್, ಉಸಿರಾಡಲು ಕಷ್ಟಪಡುತ್ತಿರುವವರನ್ನು ಹೊಟ್ಟೆಯ ಮೇಲೆ ಮಲಗಿಸಿದರೆ ಇನ್ನಷ್ಟು ಕಷ್ಟವಾಗುವುದಿಲ್ಲವೇ? ಯಾಕೆ ಹೀಗೆ?"

"ಡಾಕ್ಟರ್ ಹೇಳಿದ್ದಾರೆ" ಎಂದೆ.

ನರ್ಸ್ ಆಗಿ ಹದಿನೇಳು ವರ್ಷಗಳಲ್ಲಿ ಈ ಎರಡು ಪದಗಳನ್ನು ಎಷ್ಟು ಸಾವಿರ ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಡಾಕ್ಟರ್ ಹೇಳಿಯೇ ಇದ್ದರು. ಆದರೆ ಅಂದು ಹೇಳಿದ ಮೇಲೂ ಆ ಮಾತು ನನ್ನ ಗಂಟಲಲ್ಲೇ ಸಿಕ್ಕಿಕೊಂಡಂತಾಯಿತು. ಆ ಹುಡುಗಿ ಕೇಳಿದ್ದು ನನ್ನದೇ ಪ್ರಶ್ನೆಯಾಗಿತ್ತು. ಮೂರು ತಿಂಗಳಿಂದ ನಾನು ಜನರನ್ನು ಬೋರಲು ಮಲಗಿಸುತ್ತಿದ್ದೆ, ಅಂಕಿ ಏರುವುದನ್ನು ಕಣ್ಣಾರೆ ನೋಡುತ್ತಿದ್ದೆ, ಅದು ಯಾಕೆ ಏರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಅಗತ್ಯ ಸೇವೆಯವರಿಗೆಂದು ಓಡುತ್ತಿದ್ದ ಲೋಕಲ್ ಹಿಡಿದು ಡೊಂಬಿವಲಿಗೆ ಹೊರಟಾಗ ಮಹಿಳೆಯರ ಡಬ್ಬಿ ಹೆಚ್ಚುಕಡಿಮೆ ಖಾಲಿಯಿತ್ತು. ಕಿಟಕಿಯ ಪಕ್ಕ ಕುಳಿತು ಕಲ್ವಾ ಖಾಡಿ ನೋಡುತ್ತಾ, ಮತ್ತೆ ಓದಬೇಕು ಎಂದು ನಿಶ್ಚಯಿಸಿದೆ.

ನಮ್ಮ ವೃತ್ತಿಯ ಹೊರಗಿನವರಿಗೆ ಒಂದಿಷ್ಟು ಹಿನ್ನೆಲೆ ಹೇಳಬೇಕು. ಬಿಳಿ ಸಮವಸ್ತ್ರ ತೊಟ್ಟವರೆಲ್ಲ ಒಂದೇ ಓದು ಓದಿದವರಲ್ಲ. ನಾನು ಮಂಗಳೂರಿನಲ್ಲಿ ಮಾಡಿದ್ದು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ. ಅದನ್ನು ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ನೀವು ರಿಜಿಸ್ಟರ್ಡ್ ನರ್ಸ್. ನಾನು ಕರ್ನಾಟಕದಲ್ಲಿ ನೋಂದಾಯಿಸಿ, 2003ರಲ್ಲಿ ಮುಂಬಯಿಗೆ ಬಂದ ಮೇಲೆ ಅದನ್ನು ಮಹಾರಾಷ್ಟ್ರದ ಕೌನ್ಸಿಲ್‌ಗೆ ವರ್ಗಾಯಿಸಿಕೊಂಡೆ. ಹೀಗೆ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದವರು ಪದವಿ ಪಡೆಯಬೇಕೆಂದರೆ ಮತ್ತೆ ನಾಲ್ಕು ವರ್ಷ ಓದಬೇಕಾಗಿಲ್ಲ. ಅವರಿಗೆಂದೇ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ನಮ್ಮ ಬಾಯಲ್ಲಿ ಅದು ಬರೀ 'ಪೋಸ್ಟ್ ಬೇಸಿಕ್'.

ನರ್ಸಿಂಗ್‌ನಲ್ಲಿ ಪದವಿ ಎಂಬುದು ಈ ದೇಶಕ್ಕೆ ಬಂದದ್ದೇ 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಮುಂಬಯಿಯಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್ಸಿ ನರ್ಸಿಂಗ್ ಕಾಲೇಜು ಶುರುವಾದದ್ದು 1964ರಲ್ಲಿ. ಅದಕ್ಕೂ ಬಹಳ ಮೊದಲು ಪುಣೆಯಲ್ಲಿ ರಮಾಬಾಯಿ ರಾನಡೆಯವರ ಸೇವಾಸದನ ಮಧ್ಯಮ ವರ್ಗದ ಮನೆಗಳ ಹೆಣ್ಣುಮಕ್ಕಳನ್ನು, ವಿಧವೆಯರನ್ನು ನರ್ಸಿಂಗ್ ಕಲಿಯಲು ಕಳುಹಿಸಿತ್ತು. ಮದುವೆ, ಮಕ್ಕಳು, ಸಾವುನೋವು ಎಲ್ಲವನ್ನೂ ಕಂಡ ಹೆಂಗಸು ಮತ್ತೆ ಪುಸ್ತಕ ಹಿಡಿಯುವುದು ಮಹಾರಾಷ್ಟ್ರಕ್ಕೆ ಹೊಸದಲ್ಲ ಎಂಬುದು ಆ ದಿನಗಳಲ್ಲಿ ನನಗೆ ದೊಡ್ಡ ಧೈರ್ಯವಾಗಿತ್ತು.

ಧೈರ್ಯ ಬೇಕೇ ಬೇಕಿತ್ತು. ಪೋಸ್ಟ್ ಬೇಸಿಕ್ ಪೂರ್ಣಾವಧಿಯ ಓದು. ಪರೀಕ್ಷೆಗೆ ಕೂರಬೇಕಾದರೆ ಶೇ. 80 ಹಾಜರಾತಿ ಇರಬೇಕು. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಈ ಪದವಿ ಪಡೆದ ಹಿರಿಯ ಸಿಸ್ಟರ್‌ಗಳು ನನಗೆ ಗೊತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲವರನ್ನು ನಿಯೋಜನೆಯ ಮೇಲೆ ಓದಲು ಕಳುಹಿಸುವುದೂ ಉಂಟು. ನನ್ನದು ಖಾಸಗಿ ಆಸ್ಪತ್ರೆ. ಎರಡು ವರ್ಷ ಸಂಬಳವಿಲ್ಲದ ರಜೆ ಕೊಡಿ, ಮುಗಿಸಿ ಇಲ್ಲಿಗೇ ಬರುತ್ತೇನೆ ಎಂದು ಅರ್ಜಿ ಬರೆದೆ. ಎರಡು ಸಾಲಿನ ಉತ್ತರ ಬಂತು: ಅಂಥ ಅವಕಾಶವಿಲ್ಲ, ಬೇಕಿದ್ದರೆ ರಾಜೀನಾಮೆ ಕೊಡಬಹುದು. ಕೋವಿಡ್ ಕಾಲದಲ್ಲಿ ನಮಗಾಗಿ ಚಪ್ಪಾಳೆ ತಟ್ಟಿದ ಕೈಗಳಲ್ಲೇ ಒಂದು ಆ ಪತ್ರಕ್ಕೆ ಸಹಿ ಹಾಕಿತ್ತು. ಆ ನೋವು ಇನ್ನೂ ಆರಿಲ್ಲ. ಹದಿನೆಂಟು ವರ್ಷದ ನೌಕರಿಗೆ ರಾಜೀನಾಮೆ ಬರೆದುಕೊಟ್ಟೆ. ಶುಲ್ಕಕ್ಕೆ ಎರಡು ಚಿನ್ನದ ಬಳೆ ಒತ್ತೆ ಇಟ್ಟೆ. ಮನೆ ಖರ್ಚಿಗೆ ಶನಿವಾರ ಭಾನುವಾರದ ರಾತ್ರಿ ಕಲ್ಯಾಣದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಹಿಡಿದೆ.

"ನಲವತ್ತೊಂದಕ್ಕೆ ಕಾಲೇಜೇ?" ಎಂದು ಅಕ್ಕಪಕ್ಕದವರು ಕೇಳಿದಾಗ ಉತ್ತರ ಕೊಟ್ಟವರು ನನ್ನ ಅತ್ತೆ. "ಅವಳ ಅಪ್ಪ ಕಲಿತದ್ದು ರಾತ್ರಿ ಶಾಲೆಯಲ್ಲಿ. ಮಗಳು ಹಗಲು ಶಾಲೆಗೇ ಹೋಗುತ್ತಾಳಲ್ಲ" ಎಂದರು.

ಅಪ್ಪಯ್ಯನ ಕತೆ ಈ ಊರಿನ ಎಷ್ಟೋ ಕನ್ನಡಿಗರ ಮನೆಯ ಕತೆ. ಕುಂದಾಪುರದ ಕಡೆಯಿಂದ ಹದಿನಾಲ್ಕರ ಹರೆಯದಲ್ಲಿ ಬಂದು, ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಾ, ಸಂಜೆ ಕೆಲಸ ಮುಗಿದ ಮೇಲೆ ಕನ್ನಡದ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಬಿಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬಿಡಿಸುತ್ತಿದ್ದರಂತೆ. ಒಂದು ಬದಿಗೆ ಎರಡು ಇಡ್ಲಿ, ಒಂದು ಚಹಾ. ಇನ್ನೊಂದು ಬದಿಗೆ ಬೀಜಗಣಿತ. ಹತ್ತನೆಯ ತರಗತಿ ಪಾಸಾದಾಗ ಅವರಿಗೆ ಇಪ್ಪತ್ನಾಲ್ಕು. ಕೊನೆಗೆ ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದರು. ಈ ನಗರದಲ್ಲಿ ನಮ್ಮವರನ್ನು ಮೇಲೆತ್ತಿದ್ದು ಹೋಟೆಲು ಎನ್ನುತ್ತಾರೆ. ಹೋಟೆಲಿನಷ್ಟೇ ಆ ರಾತ್ರಿ ಶಾಲೆಗಳೂ ಎತ್ತಿವೆ ಎಂದು ನಾನು ನಂಬಿದ್ದೇನೆ. ಇಡೀ ದಿನ ನಿಂತು ದುಡಿದವರಿಗೆ ರಾತ್ರಿ ಏಳಕ್ಕೆ ಪಾಠ ಹೇಳಿದ ಆ ಮೇಷ್ಟರುಗಳ ಹೆಸರು ಎಲ್ಲೂ ಉಳಿದಿಲ್ಲ.

ಕಾಲೇಜಿನ ಮೊದಲ ವಾರವೇ ನನ್ನ ಎದುರು ನಿಂತವರು ಪರಿಚಿತ ಮುಖ. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿಗೆ ವಿದ್ಯಾರ್ಥಿನಿಯಾಗಿ ಬಂದಿದ್ದ ಹುಡುಗಿ. ಅವಳ ಮೊದಲ ಐವಿ ನನ್ನ ಕೈಯ ಪಕ್ಕದಲ್ಲಿ ಹಾಕಿದ್ದು. ಸೂಜಿ ಹಿಡಿದ ಅವಳ ಬೆರಳು ನಡುಗುತ್ತಿದ್ದುದು ನನಗಿನ್ನೂ ನೆನಪಿದೆ. ಈಗ ಎಂ.ಎಸ್ಸಿ. ಮುಗಿಸಿ ಅಧ್ಯಾಪಕಿ. ನಾನು "ಗುಡ್ ಮಾರ್ನಿಂಗ್ ಮ್ಯಾಡಮ್" ಎಂದೆ, ಅವರು ಅಭ್ಯಾಸಬಲದಿಂದ "ಸಿಸ್ಟರ್..." ಎಂದು ತಡೆದರು. ಆ ಎರಡು ವರ್ಷ ಪೂರ್ತಿ ನಾನು ಅವರಿಗೆ ಮ್ಯಾಡಮ್ ಎಂದೆ, ಅವರು ನನಗೆ ಸಿಸ್ಟರ್ ಎಂದರು, ಇಬ್ಬರಿಗೂ ಅದು ಸರಿಯೆನಿಸಿತು.

ನನ್ನ ಮೊದಲ ಕೇರ್ ಪ್ಲ್ಯಾನ್ ತಿದ್ದಿದವರೂ ಅವರೇ. ಕೇರ್ ಪ್ಲ್ಯಾನ್ ಎಂದರೆ ಒಬ್ಬ ರೋಗಿಯ ಆರೈಕೆಯನ್ನು ಕಾಲಂ ಕಾಲಂ ಆಗಿ ಬರೆಯುವುದು. ಏನು ಕಂಡೆವು, ತೊಂದರೆ ಏನು, ಏನು ಸಾಧಿಸಬೇಕು, ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ, ಮಾಡಿದ ಮೇಲೆ ಏನಾಯಿತು. 'ಏನು ಮಾಡುತ್ತೇವೆ' ಕಾಲಮ್ಮಿನಲ್ಲಿ ನಾನು ಹದಿನಾಲ್ಕು ಅಂಶ ಬರೆದಿದ್ದೆ. ತರಗತಿಯಲ್ಲಿ ಯಾರೂ ಅಷ್ಟು ಬರೆದಿರಲಿಲ್ಲ. ಅದರ ಪಕ್ಕದ ಕಾಲಂ, 'ರ‍್ಯಾಷನಲ್' (ಯಾಕೆ ಮಾಡುತ್ತೇವೆ) ಎಂದು ಶೀರ್ಷಿಕೆಯಿದ್ದದ್ದು, ಮೇಲಿನಿಂದ ಕೆಳಗಿನವರೆಗೆ ಬಿಳಿ. ಒಂದೆರಡು ಕಡೆ 'ವೈದ್ಯರ ಆದೇಶದಂತೆ' ಎಂದು ತುಂಬಿದ್ದೆ. ಅವರು ಕೆಂಪು ಶಾಯಿಯಲ್ಲಿ ಆ ಖಾಲಿ ಜಾಗಕ್ಕೆ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ "ಇದು ನಿಮಗೆ ಗೊತ್ತಿದೆ, ಬರೆಯಿರಿ" ಎಂದು ಬರೆದು ಹಿಂತಿರುಗಿಸಿದರು.

ಗೊತ್ತಿತ್ತೇ? ಕೆಲವು ಗೊತ್ತಿದ್ದವು, ಹೇಳಲು ಮಾತಿರಲಿಲ್ಲ. ಕೆಲವು ಗೊತ್ತೇ ಇರಲಿಲ್ಲ. ಇನ್ನು ಕೆಲವು ತಪ್ಪಾಗಿ ಗೊತ್ತಿದ್ದವು. ಈ ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಹಾಸಿಗೆ ಹಿಡಿದವರ ಬೆನ್ನಿನ ಆರೈಕೆ ನಮಗೆ ಡಿಪ್ಲೊಮಾದ ಮೊದಲ ವರ್ಷದಲ್ಲೇ ಕಲಿಸಿದ್ದು. ಬೆಚ್ಚಗಿನ ನೀರು, ಸೋಪು, ಒರೆಸು, ಆಮೇಲೆ ಸ್ಪಿರಿಟ್ ಹಾಕಿ ಉಜ್ಜು, ಪೌಡರ್ ಹಚ್ಚು. ಬಾಲದ ಮೂಳೆಯ ಬಳಿ ಚರ್ಮ ಕೆಂಪಾಗಿದ್ದರೆ ಅಲ್ಲಿ ಇನ್ನೂ ಚೆನ್ನಾಗಿ ಉಜ್ಜು, ರಕ್ತ ಓಡಾಡುತ್ತದೆ. ಹದಿನೆಂಟು ವರ್ಷ ನಾನು ಇದನ್ನು ಶ್ರದ್ಧೆಯಿಂದ ಮಾಡಿದೆ. ಎಷ್ಟೋ ಅಜ್ಜಂದಿರು ಆ ಉಜ್ಜಾಟಕ್ಕೆ ಹಾಯೆನಿಸಿ ನಿದ್ದೆ ಹೋಗುತ್ತಿದ್ದರು. ಪೋಸ್ಟ್ ಬೇಸಿಕ್‌ನ ತರಗತಿಯಲ್ಲಿ ಓದಿದ್ದು: ಮೂಳೆಯ ಉಬ್ಬಿನ ಮೇಲೆ ಕೆಂಪಾದ ಜಾಗವನ್ನು ಉಜ್ಜಬಾರದು. ಹಾಸಿಗೆಗೂ ಮೂಳೆಗೂ ನಡುವೆ ಸಿಕ್ಕಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು, ಅಲ್ಲಿನ ಅಂಗಾಂಶ ಆಗಲೇ ಆಮ್ಲಜನಕವಿಲ್ಲದೆ ಬಳಲಿರುತ್ತದೆ. ಉಜ್ಜಿದರೆ ಒಳಗಿನ ಗಾಯ ಹೆಚ್ಚುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಬೇಕಾದದ್ದು ಉಜ್ಜುವುದಲ್ಲ, ಭಾರ ತೆಗೆಯುವುದು. ರೋಗಿಯನ್ನು ಹೊರಳಿಸುವುದು. ಅದೂ ಪೂರ್ತಿ ಮಗ್ಗುಲಿಗಲ್ಲ, ಸುಮಾರು 30 ಡಿಗ್ರಿ ವಾಲುವಂತೆ, ತೊಡೆಯ ಕೀಲಿನ ಮೂಳೆಯ ಮೇಲೆ ಭಾರ ಬೀಳದ ಹಾಗೆ. ಮೇಲಕ್ಕೆ ಸರಿಸುವಾಗ ಎಳೆಯಬಾರದು, ಎತ್ತಬೇಕು.

ಆ ಪುಟ ಓದಿ ಲೈಬ್ರರಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಅಂಗೈ ನೋಡಿಕೊಂಡೆ. ಯಾರ ಯಾರ ಬೆನ್ನು ನೆನಪಿಗೆ ಬಂದವೋ ಹೇಳಲಾರೆ. ಅನುಭವ ದೊಡ್ಡದು ಎಂದು ಜನ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಅನುಭವ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ ಎಂದು ಆ ದಿನ ಗೊತ್ತಾಯಿತು.

ಇದೇ ವಿಷಯಕ್ಕೆ ಬಂದಾಗ ನಮ್ಮ ಕಡೆಯ ಒಬ್ಬ ನರ್ಸ್‌ರನ್ನು ನೆನೆಯದೆ ಇರಲಾರೆ. ಕುಂದಾಪುರದಿಂದ ಉತ್ತರಕ್ಕೆ ಹೋದರೆ ಹೊನ್ನಾವರ ತಾಲೂಕಿನ ಹಳದೀಪುರ. ಅಲ್ಲಿಂದ ಮುಂಬಯಿಗೆ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ನಡೆದ ಹಲ್ಲೆಯ ವಿವರಕ್ಕೆ ನಾನು ಹೋಗುವುದಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ. ನನಗೆ ಬರೆಯಬೇಕೆನಿಸುವುದು, ಆ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ ಅವರು ಹಾಸಿಗೆ ಹಿಡಿದ ಅನಂತರದ 41ಕ್ಕೂ ಹೆಚ್ಚು ವರ್ಷಗಳ ಬಗ್ಗೆ. 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ ಕೆಇಎಂನ ನರ್ಸ್‌ಗಳು, ಒಂದು ತಲೆಮಾರು ನಿವೃತ್ತವಾದರೆ ಇನ್ನೊಂದು ತಲೆಮಾರು, ಅವರಿಗೆ ಉಣಿಸಿದರು, ಮೀಯಿಸಿದರು, ಮಗ್ಗುಲು ಹೊರಳಿಸಿದರು. ಅವರಿಗೆ ದಯಾಮರಣ ಕೋರಿದ ಅರ್ಜಿಯ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಆರೈಕೆಯನ್ನು ಮನಸಾರೆ ಕೊಂಡಾಡಿತು. ಜನ ಅದನ್ನು ಪ್ರೀತಿ ಎಂದರು, ತ್ಯಾಗ ಎಂದರು. ಪ್ರೀತಿ ಹೌದು. ಆದರೆ ಪ್ರೀತಿಯೊಂದರಿಂದಲೇ ಅಷ್ಟು ವರ್ಷ ಮಲಗಿದ ದೇಹದ ಚರ್ಮ ಉಳಿಯುವುದಿಲ್ಲ. ಅದರ ಹಿಂದೆ ಒಂದು ವಿದ್ಯೆಯಿದೆ, ಗಂಟೆಗಂಟೆಯ ಲೆಕ್ಕವಿದೆ. ನಮ್ಮ ಕೆಲಸವನ್ನು ಯಾರಾದರೂ ಸೇವೆ ಎಂದು ಹೊಗಳಿದಾಗ ಕೈಮುಗಿಯುತ್ತೇನೆ. ಅದನ್ನು ವಿದ್ಯೆ ಎಂದು ಕರೆದರೆ ಇನ್ನೂ ಸಂತೋಷವಾಗುತ್ತದೆ.

ಹಳೆಯ ಸಹೋದ್ಯೋಗಿಗಳು ನನ್ನೊಂದಿಗೆ ವಾದ ಮಾಡುತ್ತಾರೆ. ಪದವಿ ಇದ್ದವರೂ ನಾವೂ ಅದೇ ವಾರ್ಡಿನಲ್ಲಿ, ಅದೇ ಇಂಜೆಕ್ಷನ್, ಅದೇ ಬೆಡ್‌ಪ್ಯಾನ್, ಹಾಗಿದ್ದ ಮೇಲೆ ಒಂದು ಕಾಗದದಿಂದ ಏನು ಬದಲಾಯಿತು ಎಂದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಗೆ ಪದವಿಯವರು ನೇರವಾಗಿ ಅರ್ಜಿ ಹಾಕಬಹುದು. ಡಿಪ್ಲೊಮಾದವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ತೋರಿಸಬೇಕು. ಪದವಿ ಇಲ್ಲದೆ ಎಂ.ಎಸ್ಸಿ. ಓದುವಂತಿಲ್ಲ. ವಾರ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾಗಿದ್ದರೂ ಬಡ್ತಿಯ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ನಾನು ಬಲ್ಲೆ. ಡಿಪ್ಲೊಮಾವನ್ನೇ ನಿಲ್ಲಿಸುತ್ತಾರಂತೆ ಎಂಬ ಮಾತು ಆಗಾಗ ಎದ್ದು ಎಲ್ಲರ ನಿದ್ದೆ ಕೆಡಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ತರಗತಿಯೇ ನಡೆಸದೆ ಹಾಜರಿ ಪುಸ್ತಕ ತುಂಬಿ ಪದವಿ ಕೊಡಿಸುತ್ತೇವೆ ಎನ್ನುವ ಜಾಗಗಳು. ನನ್ನ ಗೆಳತಿಯೊಬ್ಬಳು ಅಂಥ ಒಂದು ಕಡೆ ಹಣ ಕಟ್ಟಿ ಪ್ರಮಾಣಪತ್ರ ತಂದಳು. ಅದನ್ನು ಅವಳು ಗೋಡೆಗೆ ಹಾಕಿಲ್ಲ. "ನನಗೆ ಓದಲು ಆಸೆಯಿತ್ತು, ಅವರು ಓದಿಸಲೇ ಇಲ್ಲ" ಎಂದು ಅವಳು ಹೇಳಿದ್ದನ್ನು ಕೇಳಿ ನನಗೆ ಅಳು ಬಂತು. ಮನೆಯ ಒಡವೆ ಒತ್ತೆಯಿಟ್ಟು ಕಲಿಯಲು ಬಂದವರಿಗೆ ಕಲಿಸದೆ ಕಳುಹಿಸುವುದು ಕಳ್ಳತನವೇ.

ನನ್ನ ಪುಣ್ಯ, ನನಗೆ ಓದಿಸುವವರು ಸಿಕ್ಕರು. ಓದು ಸುಲಭವಿರಲಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು. ಜೀವರಸಾಯನಶಾಸ್ತ್ರದ ಕ್ರೆಬ್ಸ್ ಚಕ್ರ ಇಂಗ್ಲಿಷಿನಲ್ಲಿ ತಲೆಗೆ ಹತ್ತದಿದ್ದಾಗ ಪುಟದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಲೋಕಲ್‌ನಲ್ಲಿ ನಿಂತೇ ಓದಿದೆ. ಮಗಳು ಅದೇ ವರ್ಷ ಹತ್ತನೆಯ ತರಗತಿ. ರಾತ್ರಿ ಊಟದ ಮೇಜಿನ ಎರಡು ತುದಿಗಳಲ್ಲಿ ಇಬ್ಬರೂ ಪುಸ್ತಕ ಹರಡುತ್ತಿದ್ದೆವು. ಒಮ್ಮೆ ಮೈಕ್ರೊಬಯಾಲಜಿಯ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಎದ್ದಾಗ ಮಗಳು ನನ್ನ ಕನ್ನಡಕ ತೆಗೆದು ಪಕ್ಕದಲ್ಲಿಟ್ಟು, ತಾನು ಮಾತ್ರ ಓದುತ್ತಾ ಕುಳಿತಿದ್ದಳು.

ಬೋರಲು ಮಲಗಿಸುವುದರ ಉತ್ತರ ಸಿಕ್ಕಿದ್ದು ಶ್ವಾಸಕೋಶದ ಪಾಠದಲ್ಲಿ. ಅಂಗಾತ ಮಲಗಿದಾಗ ಹೃದಯದ ಮತ್ತು ಹೊಟ್ಟೆಯ ಭಾರವೆಲ್ಲ ಶ್ವಾಸಕೋಶದ ಬೆನ್ನಿನ ಕಡೆಯ ಭಾಗದ ಮೇಲೆ ಬೀಳುತ್ತದೆ. ಅಲ್ಲಿನ ಗಾಳಿಯ ಗೂಡುಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೆ ಹರಿಯುತ್ತಲೇ ಇರುತ್ತದೆ, ಹರಿದು ಆಮ್ಲಜನಕ ಸಿಗದೆ ಬರಿಗೈಯಲ್ಲಿ ಮರಳುತ್ತದೆ. ಬೋರಲು ಮಲಗಿಸಿದರೆ ಆ ಭಾರ ಇಳಿಯುತ್ತದೆ, ಗೂಡುಗಳು ತೆರೆಯುತ್ತವೆ, ರಕ್ತಕ್ಕೆ ಗಾಳಿ ಸಿಗುತ್ತದೆ. ಇಷ್ಟೇ. ನಾಲ್ಕು ಮಾತಿನಲ್ಲಿ ಹನ್ನೊಂದನೆಯ ಬೆಡ್ಡಿನವರ ಮಗಳಿಗೆ ಹೇಳಬಹುದಿತ್ತು. ಅವಳ ತಂದೆ ಹನ್ನೆರಡನೆಯ ದಿನ ನಡೆದುಕೊಂಡೇ ಮನೆಗೆ ಹೋದರು. ಆದರೂ ಆ ರಾತ್ರಿ ಅವಳು ಹೆದರಿಕೊಂಡೇ ಕರೆ ಮುಗಿಸಿದ್ದಳು, ಅಷ್ಟು ಹೆದರಬೇಕಾಗಿರಲಿಲ್ಲ.

ಎರಡನೆಯ ವರ್ಷ ಸಂಶೋಧನೆಯ ವಿಷಯವೂ ಇದೆ. ಗುಂಪಿನಲ್ಲಿ ಒಂದು ಸಣ್ಣ ಅಧ್ಯಯನ ಮಾಡಬೇಕು. ನಾವು ಐವರು ಹಾಸಿಗೆ ಹುಣ್ಣನ್ನೇ ಆರಿಸಿಕೊಂಡೆವು, ನಾನು ಹಟ ಹಿಡಿದು ಆರಿಸಿದೆ ಎಂದರೂ ಸರಿ. ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಅನುಮತಿ ಪಡೆದು, ಮಲಗಿದಲ್ಲೇ ಇರುವ ರೋಗಿಗಳನ್ನು ಬ್ರೇಡನ್ ಮಾಪಕದಿಂದ ಅಳೆದೆವು. ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮೈ ಹೊರಳಿಸುವ ಶಕ್ತಿ, ಆಹಾರ, ತಿಕ್ಕಾಟ ಹೀಗೆ ಆರು ಅಂಶ. ಒಟ್ಟು ಹೆಚ್ಚೆಂದರೆ 23 ಅಂಕ, ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಅಪಾಯ ಹೆಚ್ಚಿದ್ದವರ ಮಂಚದ ಕಾಲಿನ ಬದಿಗೆ ಒಂದು ಹಾಳೆ ಕಟ್ಟಿದೆವು. ಎರಡು ಗಂಟೆಗೊಮ್ಮೆ ಹೊರಳಿಸಿ, ಯಾವ ಕಡೆ ಎಂದು ಬರೆದು ಸಹಿ ಹಾಕಬೇಕು.

ಹಗಲಿನ ಕಾಲಮ್ಮುಗಳು ತುಂಬುತ್ತಿದ್ದವು. ರಾತ್ರಿಯವು ಖಾಲಿ. ಮೂವತ್ತಕ್ಕೂ ಹೆಚ್ಚು ರೋಗಿಗಳಿಗೆ ಇಬ್ಬರು ಸಿಸ್ಟರ್ ಇರುವ ರಾತ್ರಿ ಪಾಳಿಯಲ್ಲಿ ಬರೆಯಲು ಯಾರಿಗೆ ಬಿಡುವು? ಹೊರಳಿಸಿಯೇ ಇಲ್ಲವೇನೋ ಎಂದುಕೊಂಡು ಒಂದು ರಾತ್ರಿ ನಾನೇ ಹೋಗಿ ಕುಳಿತೆ. ಹನ್ನೆರಡು ಗಂಟೆಗೆ ವಾರ್ಡಿನ ಮಾವಶಿ ಎದ್ದರು. ಮುಂಬಯಿಯ ಆಸ್ಪತ್ರೆಗಳಲ್ಲಿ ಆಯಾಗಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಐವತ್ತೈದು ದಾಟಿದ, ತೆಳ್ಳಗಿನ ಹೆಂಗಸು. ವಾರ್ಡ್‌ಬಾಯ್‌ನನ್ನು ಎಬ್ಬಿಸಿಕೊಂಡು ಒಂದೊಂದೇ ಮಂಚಕ್ಕೆ ಹೋಗಿ, ಹಾಸುಬಟ್ಟೆಯ ಎರಡು ಅಂಚು ಹಿಡಿದು ಎತ್ತಿ ಹೊರಳಿಸಿದರು. ಬೆನ್ನಿಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟರು. ಎರಡು ಗಂಟೆಗೆ ಮತ್ತೆ. ನಾಲ್ಕಕ್ಕೆ ಮತ್ತೆ. ಯಾರೂ ಅವರಿಗೆ ಹೇಳಿರಲಿಲ್ಲ. ಕೇಳಿದಾಗ, "ಹಿಮ್ಮಡಿ ಮೊದಲು ಕೊಳೆಯುತ್ತದೆ ಸಿಸ್ಟರ್, ನಾನು ನೋಡಿದ್ದೇನೆ" ಎಂದರು.

"ಹಾಳೆಯಲ್ಲಿ ಯಾಕೆ ಬರೆಯಲಿಲ್ಲ ಮಾವಶಿ?"

"ನನಗೆ ಬರೆಯಲು ಬರುವುದಿಲ್ಲ."

ನನ್ನ ಪೆನ್ನು ಅವರ ಕೈಗೆ ಕೊಟ್ಟೆ. ನಿಮಗೆ ತಿಳಿದ ಹಾಗೆ ಏನಾದರೂ ಗುರುತು ಹಾಕಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನಾಲ್ಕು ಗಂಟೆಯ ಮನೆಯಲ್ಲಿ ಒಂದು ಚೌಕ ಬರೆದು ನಡುವೆ ಅಡ್ಡ ಉದ್ದ ಗೆರೆ ಎಳೆದರು. ಕಿಟಕಿ. ರೋಗಿ ಈಗ ಕಿಟಕಿಯ ಕಡೆ ತಿರುಗಿದ್ದಾನೆ. ಬಾಗಿಲ ಕಡೆ ತಿರುಗಿದ್ದರೆ ಉದ್ದನೆಯ ಒಂದು ಪೆಟ್ಟಿಗೆ. ಅಂಗಾತ ಇದ್ದರೆ ಒಂದು ಸೊನ್ನೆ, ಅದರಿಂದ ಹೊರಟ ಮೂರು ಗೆರೆ, ಮೇಲಿನ ಫ್ಯಾನು. ವಾರ ಕಳೆಯುವುದರೊಳಗೆ ರಾತ್ರಿಯ ಮನೆಗಳೆಲ್ಲ ಕಿಟಕಿ, ಬಾಗಿಲು, ಫ್ಯಾನುಗಳಿಂದ ತುಂಬಿದ್ದವು. ಹಗಲಿನ ಸಿಸ್ಟರ್‌ಗಳಿಗೂ ಅದೇ ಸುಲಭವೆನಿಸಿ ಅವರೂ ಹಾಗೇ ಬರೆಯತೊಡಗಿದರು.

ವರದಿ ಬರೆಯುವಾಗ ತಂಡದವರು ಈ ಚಿತ್ರಗಳನ್ನು ಎಡ, ಬಲ, ಅಂಗಾತ ಎಂದು ಬದಲಿಸೋಣ ಎಂದರು. ಕೋಷ್ಟಕದಲ್ಲಿ ಬದಲಿಸಿದೆವು. ಮಾವಶಿಯ ಕೈಬರಹದ ಒಂದು ಹಾಳೆಯನ್ನು ಮಾತ್ರ ಇದ್ದ ಹಾಗೆಯೇ ಅನುಬಂಧಕ್ಕೆ ಸೇರಿಸಿದೆ. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕಿ ಆ ಪುಟ ತೆರೆದು, ಇದೇನು ಎಂದು ಕೇಳಿದರು. ಒಂದೊಂದೇ ಗುರುತಿನ ಅರ್ಥ ಹೇಳಿದೆ. ಯಾರು ಬರೆದದ್ದು, ಎಷ್ಟು ಹೊತ್ತಿಗೆ, ಹಿಮ್ಮಡಿಯ ಕೆಳಗೆ ಬಟ್ಟೆ ಯಾಕೆ ಇಟ್ಟರು ಎಂಬುದನ್ನೂ ಹೇಳಿದೆ. ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಆ ಹಾಳೆಯ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ, ಒಂದು ರಾತ್ರಿಯ ಕಿಟಕಿ ಬಾಗಿಲುಗಳನ್ನು ಓದುತ್ತಾ ಹೋದರು.